ದ್ವೀಪದ ಮನೆಗೆ ಹೋಗುವ ಮುನ್ನ

(ಚಿಕ್ಕಪೇಟೆಯ ಮಸೀದಿಯೊಂದರಲ್ಲಿ ಜುಮಾ ಖುತ್ಬಾಕ್ಕೆ ಮುನ್ನ ಕನ್ನಡದಲ್ಲಿ ನೀಡಿದ ಪ್ರವಚನದ ಸಾರ)

ಸರ್ವಸ್ತುತಿ ಅಲ್ಲಾಹನಿಗೆ. ನೆಲವನ್ನು ನಮಗೆ ಹಾಸಿಕೊಟ್ಟವನೂ ಸಮುದ್ರವನ್ನು ನಮಗೆ ಅಧೀನಗೊಳಿಸಿದವನೂ ಅವನೇ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ, ಸಂಗಾತಿಗಳ ಮೇಲೆ ಅವನ ಕೃಪೆ ಮತ್ತು ಶಾಂತಿ ಇರಲಿ.

ಸಹೋದರರೇ, ಮೇಲಿನ ಮಹಡಿಯಲ್ಲಿ ಕುಳಿತು ಕೇಳುತ್ತಿರುವ ಸಹೋದರಿಯರೇ,

ರಮಝಾನಿನ ವ್ಯಾಪಾರ ಮುಗಿದಿದೆ. ಈದ್‌ನ ಹಿಂದಿನ ರಾತ್ರಿಯವರೆಗೂ ಸೀರೆ ಮಡಚಿ, ಬಿಲ್ಲು ಬರೆದು ದಣಿದ ಕೈಗಳಿಗೆ ಈಗ ಸ್ವಲ್ಪ ಬಿಡುವು. ಮಕ್ಕಳ ಪರೀಕ್ಷೆಗಳೂ ಮುಗಿದಿವೆ. ಈ ದಿನಗಳಲ್ಲಿ ಪ್ರತಿ ಮನೆಯಲ್ಲೂ ಒಂದೇ ಮಾತು: ಈ ಸಲ ಎಲ್ಲಿಗೆ ಹೋಗೋಣ? ಮಕ್ಕಳನ್ನು ಕೇಳಿದರೆ ಸಮುದ್ರ ಎನ್ನುತ್ತಾರೆ. ಪೇಟೆಯ ಓಣಿಯಲ್ಲಿ ಹುಟ್ಟಿ ಬೆಳೆದ ಮಕ್ಕಳು ಪಾಪ, ಆಕಾಶವನ್ನೂ ಎರಡು ಗೋಡೆಗಳ ನಡುವೆಯೇ ನೋಡುವವರು. ಅವರು ಸಮುದ್ರ ಬೇಕೆಂದರೆ ತಪ್ಪೇನಿಲ್ಲ.

ಕಳೆದ ವಾರ ನಮ್ಮ ಜಮಾಅತ್‌ನ ಒಂದು ಕುಟುಂಬ ನಮ್ಮ ಬಳಿ ಬಂದು ಒಂದು ಪ್ರಶ್ನೆ ಕೇಳಿತು. ಮೂಲದಲ್ಲಿ ಅವರು ಕರಾವಳಿಯವರು, ಅವರ ಅಜ್ಜಿಯ ಕಡೆಯ ಸಂಬಂಧಿಕರು ಲಕ್ಷದ್ವೀಪದಲ್ಲಿದ್ದಾರೆ. ಹಿಂದೆ ಅಲ್ಲಿಗೆ ಹೋಗಬೇಕೆಂದರೆ ಕೊಚ್ಚಿಗೆ ಹೋಗಿ, ಹಡಗಿಗೆ ಕಾದು, ಒಂದು ರಾತ್ರಿ ನೀರಿನ ಮೇಲೆ ಕಳೆಯಬೇಕಿತ್ತು. 2024ರಲ್ಲಿ ಬೆಂಗಳೂರಿನಿಂದಲೇ ಅಗತ್ತಿ ದ್ವೀಪಕ್ಕೆ ನೇರ ವಿಮಾನ ಶುರುವಾದ ಮೇಲೆ ಮನಸ್ಸುಗಳೂ ಹಾರತೊಡಗಿವೆ. ಅವರ ಪ್ರಶ್ನೆ ಇಷ್ಟೇ: "ಸಂಬಂಧಿಕರನ್ನು ನೋಡಲು ಹೋಗುತ್ತೇವೆ, ಹಾಗೇ ಕಡಲ ತೀರಗಳನ್ನೂ ಸುತ್ತುತ್ತೇವೆ. ಇದರಲ್ಲಿ ಕುಟುಂಬ ಸಂಬಂಧ ಜೋಡಿಸಿದ ಪುಣ್ಯ ಸಿಗುತ್ತದೆಯೇ, ಇಲ್ಲ ಇದು ಬರೀ ಮೋಜಿನ ಪ್ರವಾಸವೇ?"

ಒಳ್ಳೆಯ ಪ್ರಶ್ನೆ. ಎರಡೂ ಒಟ್ಟಿಗೆ ಆಗಬಹುದು, ಒಂದು ಇನ್ನೊಂದನ್ನು ಕೆಡಿಸುವುದಿಲ್ಲ. ಆದರೆ ಯಾವುದು ಮೊದಲು ಎಂಬುದು ಮುಖ್ಯ. ಇಂದು ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಒಬ್ಬ ಮಹಿಳೆಯ ವಿಷಯ ಹೇಳುತ್ತೇವೆ. ಉಮ್ಮು ಹರಾಮ್ ಬಿಂತ್ ಮಿಲ್‌ಹಾನ್(ರ). ಹ. ಅನಸ್(ರ)ರ ತಾಯಿಯ ಸಹೋದರಿ, ಉಬಾದ ಬಿನ್ ಸಾಮಿತ್(ರ)ರ ಪತ್ನಿ. ಪ್ರವಾದಿವರ್ಯರಿ(ಸ)ಗೆ ಅವರು ಮಹ್ರಮ್ ಸಂಬಂಧದವರಾಗಿದ್ದರೆಂದು ಹದೀಸ್ ವಿದ್ವಾಂಸರು ವಿವರಿಸಿದ್ದಾರೆ. ಪ್ರವಾದಿವರ್ಯರು(ಸ) ಕುಬಾದ ಕಡೆ ಹೋದಾಗ ಅವರ ಮನೆಗೆ ಹೋಗುತ್ತಿದ್ದರು. ಆಕೆ ಇದ್ದುದನ್ನು ಬಡಿಸುತ್ತಿದ್ದರು, ಅವರು ಉಂಡು ಅಲ್ಲೇ ಸ್ವಲ್ಪ ಹೊತ್ತು ಮಲಗುತ್ತಿದ್ದರು. ಮದೀನಾದಂಥ ರಾಜ್ಯದ ಹೊಣೆ, ವಹೀ ಇಳಿಯುವ ಹೃದಯ, ಬೆಳಗಾದರೆ ನೂರು ಜನರ ನೂರು ಕೆಲಸ. ಅಂಥವರು ಬಂಧುವಿನ ಮನೆಯಲ್ಲಿ ಉಂಡು ಮಲಗುವಷ್ಟು ಸಮಯ ಮಾಡಿಕೊಂಡಿದ್ದರು. ಒಂದು ದಿನ ಹಾಗೆ ಮಲಗಿದವರು ನಗುತ್ತಾ ಎದ್ದರು. ಏಕೆಂದು ಆಕೆ ಕೇಳಿದಾಗ, ತಮ್ಮ ಸಮುದಾಯದ ಜನ ಸಿಂಹಾಸನದ ಮೇಲೆ ಕುಳಿತ ಅರಸರಂತೆ ಸಮುದ್ರಯಾನ ಮಾಡುವುದನ್ನು ಕನಸಿನಲ್ಲಿ ಕಂಡೆನೆಂದರು. ತಾನೂ ಅವರಲ್ಲಿ ಒಬ್ಬಳಾಗಲು ಪ್ರಾರ್ಥಿಸಿರಿ ಎಂದು ಆಕೆ ಕೋರಿದರು, ಅವರು ಪ್ರಾರ್ಥಿಸಿದರು. ವರ್ಷಗಳು ಕಳೆದವು. ಹ. ಉಸ್ಮಾನ್(ರ)ರ ಖಿಲಾಫತ್ ಕಾಲದಲ್ಲಿ, ಹಿಜ್ರಿ 28ರಲ್ಲಿ, ಮುಸ್ಲಿಮರ ಮೊದಲ ನೌಕಾಪಡೆ ಸೈಪ್ರಸ್ ದ್ವೀಪಕ್ಕೆ ಹೊರಟಾಗ ಉಮ್ಮು ಹರಾಮ್(ರ) ಪತಿಯೊಂದಿಗೆ ಹಡಗು ಹತ್ತಿದರು. ಆ ಯಾತ್ರೆಯಲ್ಲಿ ವಾಹನದಿಂದ ಬಿದ್ದು ತೀರಿಕೊಂಡರು. ಆ ದ್ವೀಪದ ಲಾರ್ನಕಾ ಪಟ್ಟಣದ ಹೊರಗೆ ಅವರ ಸಮಾಧಿ ಇದೆ.

ಸಹೀಹ್ ಬುಖಾರಿಯಲ್ಲಿ ಬರುವ ಈ ವರದಿಯನ್ನು ಸಾಮಾನ್ಯವಾಗಿ ಸಮುದ್ರಯಾನದ ಶ್ರೇಷ್ಠತೆ ಹೇಳುವಾಗ ಉಲ್ಲೇಖಿಸುತ್ತಾರೆ. ನಮ್ಮ ಕಣ್ಣು ಹೋಗುವುದು ಅದರ ಮೊದಲ ಭಾಗಕ್ಕೆ. ಅಷ್ಟು ದೊಡ್ಡ ಶುಭವಾರ್ತೆ ಹುಟ್ಟಿದ್ದು ಒಂದು ಸಣ್ಣ ಮನೆಯಲ್ಲಿ, ಊಟದ ನಂತರದ ನಿದ್ದೆಯಲ್ಲಿ, ಬಂಧುವಿನ ಭೇಟಿಯಲ್ಲಿ.

ಇನ್ನು ಲಕ್ಷದ್ವೀಪ. ಅದು ಎಲ್ಲೋ ದೂರದ, ನಮಗೆ ಸಂಬಂಧವಿಲ್ಲದ ಜಾಗ ಎಂದು ನಮ್ಮ ಯುವಕರು ಭಾವಿಸಿದ್ದಾರೆ. ಈ ಮಸೀದಿಯಿಂದ ಕಾಲ್ನಡಿಗೆಯಲ್ಲೇ ಹೋಗಬಹುದಾದ ಟಿಪ್ಪು ಸುಲ್ತಾನರ ಬೇಸಿಗೆ ಅರಮನೆಯನ್ನು ನೀವೆಲ್ಲ ನೋಡಿದ್ದೀರಿ. ಅದರ ಕೆಲಸ ಪೂರ್ಣಗೊಂಡದ್ದು 1791ರಲ್ಲಿ. ಅದಕ್ಕೆ ಕೆಲವು ವರ್ಷ ಮುಂಚೆ ಅಮಿನಿ ದ್ವೀಪದ ಜನ ತಮ್ಮನ್ನು ಆಳುತ್ತಿದ್ದ ಕಣ್ಣೂರಿನ ಅರಕ್ಕಲ್ ಮನೆತನದ ಅಧಿಕಾರಿಗಳ ಕಾಟ ತಾಳಲಾರದೆ, ತಮ್ಮನ್ನು ನಿಮ್ಮ ಆಳ್ವಿಕೆಗೆ ತೆಗೆದುಕೊಳ್ಳಿ ಎಂದು ಟಿಪ್ಪು ಸುಲ್ತಾನರ ಮೊರೆಹೋದರು. ಸುಲ್ತಾನರು ಅರಕ್ಕಲ್ ಬೀವಿಯೊಂದಿಗೆ ಮಾತುಕತೆ ನಡೆಸಿದರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಮೈಸೂರಿನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಕಂಪನಿಯ ಕೈಸೇರಿ, ಮಂಗಳೂರಿನಿಂದ ಆಳಲ್ಪಟ್ಟವು. 1956ರ ನವೆಂಬರ್ 1ರವರೆಗೂ ಈ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿದ ದಿನವೇ ಕಾಸರಗೋಡು ಕೇರಳಕ್ಕೆ ಹೋಯಿತು, ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. ನಕ್ಷೆಯಲ್ಲಿ ಎಳೆದ ಗೆರೆಗಳು ಅವು, ರಕ್ತಸಂಬಂಧಕ್ಕೆ ಆ ಗೆರೆಗಳು ಗೊತ್ತಿಲ್ಲ.

ದ್ವೀಪದವರ ಓಡಂಗಳು, ಅಂದರೆ ಹಾಯಿದೋಣಿಗಳು, ತೆಂಗಿನ ನಾರು ಮತ್ತು ಕೊಬ್ಬರಿ ಹೊತ್ತು ಮಂಗಳೂರಿನ ಬಂದರಿಗೆ ಬರುತ್ತಿದ್ದವು, ಅಕ್ಕಿ ತುಂಬಿಕೊಂಡು ಮರಳುತ್ತಿದ್ದವು. ದ್ವೀಪದಲ್ಲಿ ಭತ್ತ ಬೆಳೆಯುವುದಿಲ್ಲ. ಹಾಗಾಗಿ ಅವರ ಪ್ರತಿ ತುತ್ತಿಗೂ ನಮ್ಮ ಕರಾವಳಿಯ ನಂಟಿತ್ತು. ಮಳೆಗಾಲ ಮುಗಿದು ಮೊದಲ ಓಡಂ ಬರುವುದನ್ನು ಇಲ್ಲಿ ಕಾಯುವವರಿದ್ದರು, ಅಲ್ಲಿ ದೋಣಿ ಮರಳುವುದನ್ನು ಕಾಯುವವರಿದ್ದರು. ಈಗ ಕೈಯಲ್ಲೇ ಫೋನಿದೆ, ಮುಖ ನೋಡಿ ಮಾತಾಡಬಹುದು. ಆದರೂ ಆ ಕುಟುಂಬವನ್ನು ನಾವು ಕೇಳಿದೆವು, ಅಲ್ಲಿನ ನಿಮ್ಮ ಹಿರಿಯರ ಹೆಸರೇನು ಎಂದು. ಮನೆಯ ಯಜಮಾನ ತಾಯಿಗೆ ಫೋನ್ ಮಾಡಿ ಕೇಳಿ ಹೇಳಿದರು. ತಾಯಿ ಇರುವವರೆಗೆ ಕೇಳಬಹುದು. ಆಮೇಲೆ?

ಪವಿತ್ರ ಕುರ್‌ಆನಿನ ಸೂರಃ ನಿಸಾದ ಮೊದಲ ಸೂಕ್ತದಲ್ಲೇ ಅಲ್ಲಾಹನು ತನ್ನ ಭಯದ ಜೊತೆಯಲ್ಲಿ ರಕ್ತಸಂಬಂಧದ ವಿಷಯದಲ್ಲೂ ಎಚ್ಚರಿಕೆ ಕೊಟ್ಟಿದ್ದಾನೆ. ಸಂಬಂಧ ಮುರಿಯುವವನಿಗೆ ಸ್ವರ್ಗ ಪ್ರವೇಶವಿಲ್ಲವೆಂಬ ಕಠಿಣ ಮಾತು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಜೀವನಾಧಾರದಲ್ಲಿ ಸಮೃದ್ಧಿಯೂ ಆಯುಷ್ಯದಲ್ಲಿ ವೃದ್ಧಿಯೂ ಬೇಕೆನ್ನುವವನು ಬಂಧುಗಳೊಂದಿಗೆ ಸಂಬಂಧ ಬೆಸೆಯಲಿ ಎಂದು ಹ. ಅನಸ್(ರ) ವರದಿ ಮಾಡಿದ್ದಾರೆ. ವ್ಯಾಪಾರಿಗಳಾದ ನಮಗೆ ಈ ಹದೀಸ್‌ನ ಮೊದಲ ಅರ್ಧ ಚೆನ್ನಾಗಿ ಬಾಯಿಪಾಠ. ಆದರೆ ಇನ್ನೊಂದು ಹದೀಸ್ ಇದೆ, ಅದನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ: ಅವರು ಬಂದರೆ ನಾವೂ ಹೋಗುತ್ತೇವೆ, ಅವರು ಕೊಟ್ಟರೆ ನಾವೂ ಕೊಡುತ್ತೇವೆ ಎನ್ನುವವನು ಸಂಬಂಧ ಜೋಡಿಸುವವನಲ್ಲ. ಮುರಿದದ್ದನ್ನು ಜೋಡಿಸುವವನೇ ನಿಜವಾಗಿ ಜೋಡಿಸುವವನು. ಮೊದಲನೆಯದು ಪೇಟೆಯ ಉದ್ರಿ ಪುಸ್ತಕದ ಲೆಕ್ಕ, ಅಷ್ಟೇ. ದ್ವೀಪದವರು ಮೂವತ್ತು ವರ್ಷಗಳಿಂದ ಬಂದಿಲ್ಲ, ನಾವೇಕೆ ಹೋಗಬೇಕು ಎಂದು ಕೇಳುವವರಿಗೆ ಇದೇ ಉತ್ತರ.

ಹೋಗುವುದಾದರೆ ಹೇಗೆ ಹೋಗಬೇಕು? ಇಲ್ಲಿ ಸ್ವಲ್ಪ ನಿಲ್ಲುತ್ತೇವೆ, ಏಕೆಂದರೆ ಎಡವಟ್ಟು ಆಗುವುದು ಇಲ್ಲೇ.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ನಮ್ಮಲ್ಲಿ ಹಲವರು ಹೋಗಿ ಬಂದಿದ್ದಾರೆ. ಅಲ್ಲಿ ಜನವಸತಿ ಇಲ್ಲ. ದೋಣಿಯಲ್ಲಿ ಹೋಗಿ, ಕಲ್ಲಿನ ಕಂಬಗಳನ್ನು ನೋಡಿ, ಸಂಜೆಯೊಳಗೆ ಮರಳುತ್ತೀರಿ. ಅಲ್ಲಿ ನೀವು ಯಾರ ಅತಿಥಿಯೂ ಅಲ್ಲ. ಲಕ್ಷದ್ವೀಪ ಹಾಗಲ್ಲ. ಎಲ್ಲ ದ್ವೀಪಗಳೂ ಸೇರಿ 32 ಚದರ ಕಿಲೋಮೀಟರ್, ಜನವಸತಿ ಇರುವುದು ಹತ್ತರಲ್ಲಿ ಮಾತ್ರ. 2011ರ ಜನಗಣತಿಯಲ್ಲಿ 64,473 ಜನ, ನೂರಕ್ಕೆ ತೊಂಬತ್ತಾರಕ್ಕಿಂತ ಹೆಚ್ಚು ಮುಸ್ಲಿಮರು. ಬಿತ್ರಾದಲ್ಲಿ ಆಗ ಇದ್ದವರು 271 ಜನ. ನಮ್ಮ ಜುಮಾಕ್ಕೆ ಸೇರುವವರು ಅದಕ್ಕಿಂತ ಹೆಚ್ಚು! ಅಂಥ ಊರಿನಲ್ಲಿ ನೀವು ಕಾಲಿಟ್ಟ ಗಳಿಗೆಯಿಂದ ಎಲ್ಲರಿಗೂ ಗೊತ್ತು, ನೀವು ಯಾರ ಮನೆಗೆ ಬಂದವರೆಂದು.

ಅಲ್ಲಿಗೆ ಹೊರಗಿನವರು ಹೋಗಲು ಪ್ರವೇಶ ಪರವಾನಗಿ ಬೇಕು. 1967ರ ನಿಯಮಗಳಿಂದಲೂ ಹೀಗೇ. ಸಂಬಂಧಿಕರ ಮನೆಗೆ ಹೋಗುವವರ ಪರವಾಗಿ ದ್ವೀಪದವರೊಬ್ಬರು ನಿಲ್ಲಬೇಕಾಗುತ್ತದೆ. ಇದನ್ನು ಬರೀ ಸರಕಾರಿ ಕಾಗದವೆಂದು ನೋಡಬೇಡಿ. ಒಬ್ಬ ಮನುಷ್ಯ ತನ್ನ ಹೆಸರನ್ನು ನಿಮಗಾಗಿ ಜಾಮೀನಿಟ್ಟಿದ್ದಾನೆ. ನಿಮ್ಮ ಮಗ ಅಲ್ಲಿ ಸಮುದ್ರಕ್ಕೆ ಪ್ಲಾಸ್ಟಿಕ್ ಎಸೆದರೆ, ನೀವು ಅಲ್ಲಿ ಜೋರುದನಿಯಲ್ಲಿ ಚೌಕಾಸಿಗೆ ನಿಂತರೆ, ನೀವು ವಿಮಾನ ಹತ್ತಿದ ಮೇಲೆ ಮಾತು ಕೇಳಬೇಕಾದವನು ಅವನು.

ಮನೆಯವರ ಅನುಮತಿ ಪಡೆಯದೆ, ಸಲಾಮ್ ಹೇಳದೆ ಇನ್ನೊಬ್ಬರ ಮನೆಗೆ ಪ್ರವೇಶಿಸಬಾರದೆಂದೂ, ಮರಳಿ ಹೋಗಿ ಎಂದರೆ ಬೇಸರಿಸದೆ ಮರಳಬೇಕೆಂದೂ ಸೂರಃ ನೂರ್‌ನಲ್ಲಿ ಆಜ್ಞೆ ಇದೆ. ಅದೇ ಸೂರಃದಲ್ಲಿ ಸೋದರತ್ತೆ, ಸೋದರಮಾವ, ಚಿಕ್ಕಮ್ಮ, ಚಿಕ್ಕಪ್ಪ ಇವರ ಮನೆಗಳಲ್ಲಿ ಉಣ್ಣಲು ಸಂಕೋಚ ಬೇಡವೆಂದೂ ಇದೆ. ಎರಡನ್ನೂ ಸೇರಿಸಿ ಓದಬೇಕು. ಸಲಿಗೆ ಇದೆ, ದಾಳಿ ಇಲ್ಲ. ಟಿಕೆಟ್ ಕಾಯ್ದಿರಿಸಿ ಆಮೇಲೆ "ನಾಳಿದ್ದು ಎಂಟು ಜನ ಬರುತ್ತಿದ್ದೇವೆ" ಎಂದು ತಿಳಿಸುವುದು ಅನುಮತಿ ಕೇಳಿದಂತಲ್ಲ, ನೋಟೀಸು ಕೊಟ್ಟಂತೆ. ಅತಿಥಿಸತ್ಕಾರ ಮೂರು ದಿನ, ಅದರ ನಂತರದ್ದು ದಾನವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮನೆಯವರಿಗೆ ಕಷ್ಟವಾಗುವಷ್ಟು ಕಾಲ ಉಳಿಯುವುದು ಅತಿಥಿಗೆ ಸಮ್ಮತವಲ್ಲವೆಂದೂ ಅದರಲ್ಲೇ ಇದೆ. ಒಂದು ವಾರದ ಪ್ರವಾಸವಾದರೆ ಮೂರು ದಿನ ಬಂಧುಗಳ ಮನೆ, ಉಳಿದ ದಿನ ನಿಮ್ಮ ಖರ್ಚಿನಲ್ಲಿ ಬೇರೆ ವಸತಿ. ಅವರು ಬಿಡುವುದಿಲ್ಲ ಎನ್ನುತ್ತೀರಿ. ಬಿಡದಿರುವುದು ಅವರ ಔದಾರ್ಯ, ಅದನ್ನು ಪೂರ್ತಿ ಖಾಲಿ ಮಾಡದಿರುವುದು ನಿಮ್ಮ ಮರ್ಯಾದೆ.

ನೀರಿನ ವಿಷಯ ನಮ್ಮವರಿಗೆ ಗೊತ್ತಿಲ್ಲ, ಹೇಳಲೇಬೇಕು. ದ್ವೀಪದಲ್ಲಿ ನದಿ ಇಲ್ಲ, ಕೆರೆ ಎಂಬಂಥದ್ದೂ ಇಲ್ಲ. ಮಳೆನೀರು ಹವಳದ ಮರಳಿನೊಳಗೆ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ಒಂದು ಪದರವಾಗಿ ನಿಲ್ಲುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ, ಅದಕ್ಕೇ ತೇಲುತ್ತದೆ. ಬಾವಿಗಳಿಗೆ ಬರುವುದು ಆ ಪದರ. ಪಂಪು ಹಾಕಿ ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ, ಬಾವಿ ಕೆಡುತ್ತದೆ. ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡುವ, ದಿನಕ್ಕೆ ಒಂದು ಲಕ್ಷ ಲೀಟರ್‌ನ ಸ್ಥಾವರ ಹಾಕಿದರು. ಆಮೇಲೆ ಬೇರೆ ದ್ವೀಪಗಳಿಗೂ ಬಂದಿದೆ. ಅಷ್ಟು ಕಷ್ಟದ ನೀರು ಅದು. ಈಗ ಯೋಚಿಸಿ. ಪೇಟೆಯ ಮಕ್ಕಳು ದಿನಕ್ಕೆ ಮೂರು ಸಲ ಸಮುದ್ರಕ್ಕಿಳಿದು, ಮೂರು ಸಲವೂ ಬಂಧುಗಳ ಬಚ್ಚಲಲ್ಲಿ ಅರ್ಧ ಗಂಟೆ ಉಪ್ಪು ತೊಳೆದುಕೊಂಡರೆ? ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ, ಅಂದರೆ ಸುಮಾರು ಒಂದು ಬೊಗಸೆಯಷ್ಟರಲ್ಲಿ ವುಝೂ ಮಾಡುತ್ತಿದ್ದರು, ನಾಲ್ಕೈದು ಮುದ್ದ್ ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದರು. ಕಾವೇರಿ ಎರಡು ದಿನ ಬಾರದಿದ್ದರೆ ಟ್ಯಾಂಕರಿಗೆ ಕರೆಮಾಡುವ ನಮಗೆ ಈ ಸುನ್ನತ್ ಕಲಿಯಲು ದ್ವೀಪಕ್ಕಿಂತ ಒಳ್ಳೆಯ ಮದ್ರಸ ಸಿಗಲಾರದು.

ಉಡುಗೊರೆಗೆ ಏನು ಒಯ್ಯೋಣ ಎಂದೂ ಕೇಳಿದರು. ಚಿಕ್ಕಪೇಟೆಯವರು ಬಟ್ಟೆ ಒಯ್ಯದೆ ಹೋಗುವವರಲ್ಲ, ಒಯ್ಯಿರಿ. ಆದರೆ ಅಲ್ಲಿ ತೆಂಗು ಮತ್ತು ಮೀನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ಹಡಗಿನಲ್ಲಿ ಬರಬೇಕು. ಮಳೆಗಾಲದಲ್ಲಿ ಹಡಗು ತಡವಾದರೆ ತರಕಾರಿ ಇಲ್ಲ. ಜರಿ ಸೀರೆಗಿಂತ ಒಂದು ಬುಟ್ಟಿ ಹಣ್ಣು-ತರಕಾರಿ ಆ ಮನೆಯ ಹೆಂಗಸಿನ ಮುಖವನ್ನು ಹೆಚ್ಚು ಅರಳಿಸೀತು. ಬಂಧುಗಳಿಗೆ ಕೊಟ್ಟದ್ದಕ್ಕೆ ಎರಡು ಪ್ರತಿಫಲ, ದಾನದ್ದೊಂದು, ಸಂಬಂಧ ಜೋಡಿಸಿದ್ದೊಂದು ಎಂಬ ಹದೀಸ್ ತಿರ್ಮಿದಿಯಲ್ಲಿದೆ.

ಇನ್ನು ಕಡಲ ತೀರ. ಹೋಗಿ, ನೋಡಿ, ಮಕ್ಕಳಿಗೆ ತೋರಿಸಿ. ಸಮುದ್ರದಿಂದ ತಾಜಾ ಮಾಂಸ ಉಣ್ಣುತ್ತೀರಿ, ತೊಡುವ ಆಭರಣ ತೆಗೆಯುತ್ತೀರಿ, ಅದನ್ನು ಸೀಳಿ ಹೋಗುವ ಹಡಗುಗಳನ್ನು ಕಾಣುತ್ತೀರಿ ಎಂದು ಸೂರಃ ನಹ್ಲ್ ನೆನಪಿಸುತ್ತದೆ. ಸೂರಃ ರಹ್ಮಾನ್ ಮುತ್ತು ಮತ್ತು ಹವಳದ ಹೆಸರನ್ನೇ ಹೇಳಿದೆ. ನಮ್ಮಲ್ಲಿ ಹಲವರು ಆ ಸೂರಃವನ್ನು ಸಾವಿರ ಸಲ ಓದಿದ್ದೇವೆ, ಜೀವಂತ ಹವಳವನ್ನು ಒಮ್ಮೆಯೂ ಕಂಡಿಲ್ಲ. ಅಲ್ಲಿ ಹವಳದ ಗೋಡೆ ಕಡಲಿನ ಅಬ್ಬರವನ್ನು ಹೊರಗೇ ತಡೆಯುತ್ತದೆ, ಒಳಗೆ ಸೊಂಟದಾಳದ ತಿಳಿನೀರು. ಅದರಲ್ಲಿ ಇಳಿಯಬಹುದು. ಗೋಡೆಯ ಹೊರಗಿನ ಸಮುದ್ರ ಬೇರೆಯೇ, ಒಮ್ಮೆಗೇ ಆಳಕ್ಕೆ ಇಳಿಯುತ್ತದೆ. ಎಲ್ಲಿ ಇಳಿಯಬೇಕು, ಎಲ್ಲಿ ಬೇಡ ಎಂದು ನಿಮ್ಮ ಬಂಧುಗಳನ್ನು ಕೇಳಿ. ಕೆಂಪೇಗೌಡರ ಪೇಟೆಯಲ್ಲಿ ಈಜು ಕಲಿತವರು ಕಡಿಮೆ.

ಆ ಹವಳ ಕಲ್ಲಲ್ಲ, ಜೀವ. ದ್ವೀಪದ ಮರಳು ಕೂಡ ಅದರ ಪುಡಿಯೇ. ದ್ವೀಪಗಳು ಸಮುದ್ರಮಟ್ಟದಿಂದ ಕೆಲವೇ ಅಡಿ ಎತ್ತರ, ಹವಳ ಸತ್ತರೆ ಅಲೆಗೆ ಅಡ್ಡ ಇರುವುದಿಲ್ಲ. 1998ರಲ್ಲಿ, 2010ರಲ್ಲಿ, 2016ರಲ್ಲಿ ಸಮುದ್ರ ಬಿಸಿಯೇರಿ ಅಲ್ಲಿನ ಹವಳ ಬಿಳಿಚಿಕೊಂಡು ಬಹಳಷ್ಟು ಸತ್ತಿತು. ಅಳಿದುಳಿದದ್ದರ ಮೇಲೆ ನಾವು ಚಪ್ಪಲಿ ಹಾಕಿ ನಡೆಯಬಾರದು. ನೆನಪಿಗೆಂದು ಒಂದು ತುಂಡನ್ನು ಬ್ಯಾಗಿಗೆ ಹಾಕಿಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ, ಮನೆಯವರ ಅಮಾನತ್ತಿಗೆ ದ್ರೋಹವೂ ಹೌದು. ಜನ ತಂಗುವ ನೆರಳಿನಲ್ಲಿ, ದಾರಿಯಲ್ಲಿ, ನೀರಿನ ಬಳಿ ಹೊಲಸು ಮಾಡುವುದು ಶಾಪಕ್ಕೆ ಕಾರಣವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಡಯಾಪರು, ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ, ಎಲ್ಲವೂ ಅದರಲ್ಲಿ ಬಂತು. ಒಯ್ದದ್ದನ್ನು ಮರಳಿ ತನ್ನಿ. ಅಷ್ಟು ಚಿಕ್ಕ ನೆಲದಲ್ಲಿ ಕಸ ಹಾಕಲು ಜಾಗವೆಲ್ಲಿದೆ?

ಉಡುಪಿನ ವಿಷಯ ಹೆಚ್ಚು ಹೇಳಬೇಕಿಲ್ಲ, ಅದು ಗಂಡಸರಿಗೂ ಇದೆ ಎಂಬುದನ್ನಷ್ಟೇ ನೆನಪಿಸುತ್ತೇವೆ. ನಮಾಝ್ ಬಗ್ಗೆ ಒಂದು ಮಾತು. ದ್ವೀಪದವರು ಶಾಫಿಈ ಮದ್‌ಹಬ್‌ನವರು. ನಮ್ಮಲ್ಲಿನ ಹನಫಿಗಳಿಗೆ ಅಸರ್ ಇನ್ನೂ ಆಗಿಲ್ಲ ಎನ್ನಿಸುವ ಹೊತ್ತಿಗೆ ಅಲ್ಲಿ ಜಮಾಅತ್ ಮುಗಿದಿರುತ್ತದೆ. ನೀರಿನಲ್ಲಿ ಆಡುತ್ತಿರುವಾಗ ಬಾಂಗ್ ಕೇಳಿದರೆ ಚರ್ಚೆ ಮಾಡುತ್ತಾ ನಿಲ್ಲಬೇಡಿ, ಅವರೊಂದಿಗೆ ಸಫ್‌ನಲ್ಲಿ ನಿಲ್ಲಿ. ಕಸ್ರ್ ಎಷ್ಟು ದಿನ ಮಾಡಬಹುದೆಂಬುದರಲ್ಲೂ ಎರಡು ಮದ್‌ಹಬ್‌ಗಳಲ್ಲಿ ವ್ಯತ್ಯಾಸವಿದೆ, ಹೊರಡುವ ಮುನ್ನ ನಿಮ್ಮ ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ.

ಸಹೋದರರೇ, ಈಗ ಹೇಳುವುದು ಸ್ವಲ್ಪ ಕಹಿ.

ದ್ವೀಪದ ಆ ಮನೆಗಳಿಗೆ ಹೋದಾಗ ಒಂದು ವಿಷಯ ಕಾಣುತ್ತೀರಿ. ಮನೆ ಹೆಂಗಸರದು. ಅಲ್ಲಿ ತಲೆಮಾರುಗಳಿಂದ ತಾಯಿಯ ಕಡೆಯಿಂದ ತರವಾಡು ನಡೆಯುತ್ತದೆ. ಮದುವೆಯಾದ ಮೇಲೂ ಹೆಣ್ಣು ತನ್ನ ತಾಯಿಮನೆಯಲ್ಲೇ ಇರುವುದು, ಗಂಡ ಅಲ್ಲಿಗೆ ಬಂದುಹೋಗುವುದು ಹಳೆಯ ರೂಢಿ. ಆಸ್ತಿಯಲ್ಲಿ ಎರಡು ಬಗೆ. ತಾಯಿಕಡೆಯಿಂದ ಬಂದ ಒಟ್ಟು ಕುಟುಂಬದ್ದು 'ಶುಕ್ರವಾರದ ಸ್ವತ್ತು', ಸ್ವಂತ ದುಡಿದದ್ದು 'ಸೋಮವಾರದ ಸ್ವತ್ತು'. ಎರಡನೆಯದು ಶರೀಅತ್‌ನಂತೆ ಹಂಚಿಕೆಯಾಗುತ್ತದೆ. ಮೊದಲನೆಯದರ ಬಗ್ಗೆ ವಿದ್ವಾಂಸರ ನಡುವೆ ಚರ್ಚೆ ನಡೆಯುತ್ತಲೇ ಬಂದಿದೆ, ಇಲ್ಲಿ ಅದರ ತೀರ್ಪು ಹೇಳಲು ನಾವು ನಿಂತಿಲ್ಲ. ಆದರೆ ಅಲ್ಲಿನ ಹೆಣ್ಣುಮಗಳಿಗೆ ತವರಿನ ಬಾಗಿಲು ಮುಚ್ಚೀತು ಎಂಬ ಹೆದರಿಕೆ ಇಲ್ಲ, ಏಕೆಂದರೆ ಬಾಗಿಲೇ ಅವಳದು.

ನಮ್ಮಲ್ಲಿ? ತಂದೆ ತೀರಿಕೊಂಡ ನಲವತ್ತು ದಿನದೊಳಗೆ ಅಣ್ಣತಮ್ಮಂದಿರು ಹಕ್ಕು ಬಿಡುಗಡೆ ಪತ್ರ ಸಿದ್ಧ ಮಾಡಿ ಅಕ್ಕತಂಗಿಯರ ಮುಂದಿಡುತ್ತಾರೆ. ಆಕೆ ಓದದೆ ಸಹಿ ಹಾಕುತ್ತಾಳೆ. ಏಕೆ? ಪಾಲು ಕೇಳಿದರೆ ನಾಳೆ ಈದ್‌ಗೆ ತವರಿಗೆ ಬರಲು ಮುಖವಿರದು. ಪೇಟೆಯಲ್ಲಿ ಹತ್ತಡಿ ಅಂಗಡಿಯ ಬೆಲೆ ಎಷ್ಟೆಂದು ನಿಮಗೇ ಗೊತ್ತು. ಅದರಲ್ಲಿ ತನ್ನ ಪಾಲನ್ನು ಕೊಟ್ಟು ಆಕೆ ಕೊಂಡುಕೊಂಡದ್ದು ಏನು? ವರ್ಷಕ್ಕೆರಡು ಸಲ ಬಂದು ಒಂದು ಲೋಟ ಚಹಾ ಕುಡಿಯುವ ಹಕ್ಕು! ಪುರುಷರಿಗೂ ಪಾಲಿದೆ, ಸ್ತ್ರೀಯರಿಗೂ ಪಾಲಿದೆ, ಆಸ್ತಿ ಕಡಿಮೆಯಿರಲಿ ಹೆಚ್ಚಿರಲಿ ಅದು ನಿಗದಿಯಾದ ಪಾಲು ಎಂದು ಸೂರಃ ನಿಸಾದಲ್ಲಿ ಅಲ್ಲಾಹನು ಸ್ಪಷ್ಟಪಡಿಸಿದ್ದಾನೆ. ಮಗನ ಪಾಲಿನ ಅರ್ಧ ಮಗಳದು, ಮಕ್ಕಳಿದ್ದಾಗ ಪತ್ನಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು. ಇದು ಅಣ್ಣನ ಔದಾರ್ಯವಲ್ಲ, ಹಂಚಿದವನು ಅಲ್ಲಾಹನು. ಮನಃಪೂರ್ವಕವಾಗಿ ಕೊಡದೆ ಇನ್ನೊಬ್ಬರ ಆಸ್ತಿ ನಮಗೆ ಸಮ್ಮತವಾಗುವುದಿಲ್ಲ. ಆಕೆ ತನ್ನ ಪಾಲನ್ನು ಕೈಗೆ ಪಡೆದು, ಲೆಕ್ಕ ತಿಳಿದು, ಆಮೇಲೆ ಸಂತೋಷದಿಂದ ಕೊಟ್ಟರೆ ಅದು ಬೇರೆ ಮಾತು. ಹೆದರಿ ಹಾಕಿದ ಸಹಿ ನೋಂದಣಿ ಕಚೇರಿಯಲ್ಲಿ ನಿಲ್ಲಬಹುದು, ಆಖಿರತ್‌ನ ನ್ಯಾಯಾಲಯದಲ್ಲಿ ನಿಲ್ಲದು.

ಇದಕ್ಕೂ ದ್ವೀಪ ಪ್ರವಾಸಕ್ಕೂ ಏನು ಸಂಬಂಧ ಎನ್ನುತ್ತೀರೇನೋ. ಸಂಬಂಧ ಇದೆ. ಸಮುದ್ರದಾಚೆಯ ಬಂಧುವಿನ ಜೊತೆ ನಮಗೆ ಜಗಳವಿಲ್ಲ, ಕೊಡಬೇಕಾದ ಬಾಕಿಯೂ ಇಲ್ಲ. ಅವರ ಮನೆಗೆ ಹೋಗುವುದು ಸುಲಭ, ಸಮುದ್ರವೂ ಸಿಗುತ್ತದೆ. ಪಾದರಾಯನಪುರದಲ್ಲಿ ಬಾಡಿಗೆ ಮನೆಯಲ್ಲಿರುವ ಸ್ವಂತ ತಂಗಿಯ ಮನೆಗೆ ಹೋಗುವುದು ಕಷ್ಟ, ಏಕೆಂದರೆ ಅಲ್ಲಿ ಒಂದು ಪತ್ರ ನಡುವೆ ಬಂದು ಕೂತಿದೆ. ನಮ್ಮ ಜಮಾಅತ್‌ನಲ್ಲೇ ಫೂಫಿಯ ಮನೆಯ ದಾರಿ ಮರೆತವರು ಎಷ್ಟು ಜನರಿಲ್ಲ? ಚಿಕ್ಕಮ್ಮ ತಾಯಿಯ ಸ್ಥಾನದಲ್ಲಿದ್ದಾಳೆಂದು ಪ್ರವಾದಿವರ್ಯರು(ಸ) ಹ. ಹಮ್ಝಾ(ರ)ರ ಅನಾಥ ಮಗಳ ವಿಷಯದಲ್ಲಿ ತೀರ್ಪಿತ್ತು, ಆ ಮಗುವನ್ನು ಚಿಕ್ಕಮ್ಮನ ಮಡಿಲಿಗೆ ಒಪ್ಪಿಸಿದರು. ಆ ಚಿಕ್ಕಮ್ಮಂದಿರು, ಅತ್ತೆಯಂದಿರು ಈಗ ನಿಮ್ಮ ಮಕ್ಕಳ ಫೋನಿನಲ್ಲಿ ನೀಲಿ ನೀರಿನ ಚಿತ್ರಗಳನ್ನು ನೋಡಿ "ಮಾಷಾ ಅಲ್ಲಾಹ್" ಎಂದು ಬರೆಯುತ್ತಾರೆ. ಒಳಗೆ ಏನು ಅಂದುಕೊಳ್ಳುತ್ತಾರೋ ಅಲ್ಲಾಹನೇ ಬಲ್ಲ.

ಆ ಕುಟುಂಬಕ್ಕೆ ನಾವು ಹೇಳಿದ್ದು ಇಷ್ಟು. ದ್ವೀಪಕ್ಕೆ ಹೋಗಿ. ಅಜ್ಜಿಯ ಕಡೆಯ ಹಿರಿಯರು ಜೀವಂತ ಇರುವಾಗಲೇ ಹೋಗಿ, ನಿಮ್ಮ ಮಕ್ಕಳಿಗೆ ಅವರ ಹೆಸರು ಕಲಿಸಿ, ಅವರ ಪಕ್ಕ ಕೂರಿಸಿ. ಅಗತ್ತಿಯಲ್ಲಿ ಇಳಿದ ಕೂಡಲೇ ಸಮುದ್ರದ ಕಡೆ ಓಡದೆ ಮೊದಲು ಸಲಾಮ್ ಹೇಳಲು ಹೋಗಿ, ಸಮುದ್ರ ಸಂಜೆಗೂ ಅಲ್ಲೇ ಇರುತ್ತದೆ. ಮತ್ತು ಟಿಕೆಟ್ ತೆಗೆಯುವ ಮುನ್ನ ಊರಲ್ಲೇ ಇರುವ ಸೋದರತ್ತೆಯ ಮನೆಗೆ ಒಮ್ಮೆ ಹೋಗಿ ಬನ್ನಿ. ಸಾಧ್ಯವಾದರೆ ಆಕೆಯನ್ನೂ ಕರೆದೊಯ್ಯಿರಿ, ಆಕೆಗೂ ಅದು ಅಜ್ಜಿಯ ಮನೆಯೇ ತಾನೆ? ಮನೆಯ ಯಜಮಾನ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಟಿಕೆಟ್ ಇನ್ನೂ ತೆಗೆದಿಲ್ಲ ಎಂದರು.

ಭಾನುವಾರ ಅಂಗಡಿಗಳಿಗೆ ರಜೆ. ಆ ದಿನ ಝುಹರ್ ನಂತರ ಮಸೀದಿಯ ಕೆಳಗಿನ ಕೋಣೆಯಲ್ಲಿ ನಾವು ಕುಳಿತಿರುತ್ತೇವೆ. ವಾರೀಸು ಹಂಚಿಕೆ ಬಾಕಿ ಇರುವವರು ಕಾಗದಪತ್ರ ತನ್ನಿ. ಮೃತರ ಸಾಲವೆಷ್ಟು, ವಸಿಯ್ಯತ್ ಇದೆಯೇ ಎಂಬ ವಿವರ ಬೇಕು, ಏಕೆಂದರೆ ಮೊದಲು ಸಾಲ ತೀರಬೇಕು, ವಸಿಯ್ಯತ್ ಮೂರನೇ ಒಂದಕ್ಕೆ ಮೀರಬಾರದು, ಪಾಲಿನ ಲೆಕ್ಕ ಆಮೇಲೆ. ವಾರೀಸುದಾರರೆಲ್ಲರೂ ಬರಬೇಕು, ಹೆಂಗಸರಿಗೆ ಮೇಲಿನ ಮಹಡಿಯಲ್ಲಿ ವ್ಯವಸ್ಥೆ ಇದೆ. ದ್ವೀಪಕ್ಕೆ ಹೋಗುವವರು ಪರವಾನಗಿಗೆ ಬೇಗ ಅರ್ಜಿ ಹಾಕಿ, ಮೇ ಕೊನೆಯ ಹೊತ್ತಿಗೆ ಸಮುದ್ರ ಕೆರಳುತ್ತದೆ, ದೋಣಿಗಳು ನಿಲ್ಲುತ್ತವೆ.

ಯಾ ಅಲ್ಲಾಹ್, ಹೊರಟವರನ್ನು ಕ್ಷೇಮವಾಗಿ ತಲುಪಿಸು, ಅವರ ದಾರಿ ಕಾಯುವ ಹಿರಿಯರಿಗೆ ಆಯುಷ್ಯ ಕೊಡು. ಆಮೀನ್.